ನಿಮ್ಮ ಧರ್ಮ ಶುರು ಮಾಡಿದ್ದು ಯಾರು ಅಂತ ಕೇಳಿದರೆ

ಅಮೆರಿಕಕ್ಕೆ ಬಂದು ಮೂರು ತಿಂಗಳಾಯಿತು, ಚಳಿಯೂ ಬಾಡಿಗೆಯೂ ಹೇಗೋ ಅಭ್ಯಾಸವಾಗುತ್ತಿದೆ, ಆದರೆ ಆಫೀಸಿನಲ್ಲಿ ಊಟಕ್ಕೆ ಕೂತಾಗ ‘ಹಿಂದೂ ಧರ್ಮ ಸ್ಥಾಪಿಸಿದ್ದು ಯಾರು, ನಿಮ್ಮ ಗ್ರಂಥ ಯಾವುದು’ ಅಂತ ಕೇಳಿದರೆ ಬಾಯಿ ಕಟ್ಟುತ್ತದೆ ಎಂದು ಬರೆದಿದ್ದೀರಿ. ನಾನು ಬಂದು 22 ವರ್ಷವಾಯಿತು. ಈ ಪ್ರಶ್ನೆ ಈಗಲೂ ನಿಂತಿಲ್ಲ.

ಮೊದಲ ವರ್ಷ ನಾನು ಪಟಪಟ ಉತ್ತರ ಕೊಟ್ಟಿದ್ದೆ. ಐದು ಸಾವಿರ ವರ್ಷ ಹಳೆಯದು, ಗ್ರಂಥ ಭಗವದ್ಗೀತೆ, ದೇವರು ಒಬ್ಬನೇ. ಕೇಳಿದವರು ಮುಂದಿನ ವಾರ ಗೀತೆಯ ಅನುವಾದ ಓದಿಕೊಂಡೇ ಬಂದರು! ‘ಇದರಲ್ಲಿ ಆನೆ ಮುಖದ ದೇವರೇ ಇಲ್ಲವಲ್ಲ, ನಿನ್ನ ಮೇಜಿನ ಮೇಲೆ ಕೂತಿರುವುದು ಯಾರು?’ ಅಂದರು. ನಾನು ಸುಮ್ನೆ ನಕ್ಕೆ. ನನ್ನ ಅಜ್ಜಿಯೂ ಗೀತೆ ಓದಿದವರಲ್ಲ. ಅವರ ಧರ್ಮ ಅಂದರೆ ಊರ ಮಾರಮ್ಮ, ಸೋಮವಾರದ ಒಪ್ಪತ್ತು, ಬಾಗಿಲ ಮುಂದಿನ ರಂಗೋಲಿ.

ಅದಕ್ಕೇ ಈಗ ಹೆಸರಿನಿಂದ ಶುರು ಮಾಡುತ್ತೇನೆ. ಸಿಂಧು ನದಿಯ ‘ಸ’ ಪರ್ಷಿಯನ್ನರ ಬಾಯಲ್ಲಿ ‘ಹ’ ಆಯಿತು. ಸುಮಾರು 2500 ವರ್ಷಗಳ ಹಿಂದೆ ದಾರಿಯಸ್ ದೊರೆಯ ಶಾಸನಗಳಲ್ಲಿ ‘ಹಿಂದುಷ್’ ಅಂತ ಇದೆ. ಅದು ಧರ್ಮದ ಹೆಸರಲ್ಲ, ಸೀಮೆಯ ಹೆಸರು. ‘ಹಿಂದೂಯಿಸಂ’ ಅನ್ನುವ ಇಂಗ್ಲಿಷ್ ಪದಕ್ಕೆ ಇನ್ನೂರು ವರ್ಷದ ಮೇಲೆ ಸ್ವಲ್ಪ ಜಾಸ್ತಿ ವಯಸ್ಸು, ಅಷ್ಟೇ. ಅಂದರೆ ಆಚಾರ ಹಳೆಯದು, ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಅಂಟಿಸಿದ ಚೀಟಿ ಹೊಸದು.

ಚೀಲದಲ್ಲಿ ಏನೇನಿದೆ ಅಂದರೆ, ಮೂರು ಸಾವಿರ ವರ್ಷಕ್ಕೂ ಹಳೆಯ ಋಗ್ವೇದ ಇದೆ. 1028 ಸೂಕ್ತಗಳು, ಬಾಯಿಪಾಠವಾಗಿಯೇ ಉಳಿದುಬಂದವು. ಅಲ್ಲಿ ಇಂದ್ರನಿಗೂ ಅಗ್ನಿಗೂ ದೊಡ್ಡ ಪಾಲು, ವಿಷ್ಣುವಿಗೆ ಕೆಲವೇ ಸೂಕ್ತ. ಈಗ ಇಂದ್ರನಿಗೆ ಗುಡಿ ಎಲ್ಲಿದೆ, ಹುಡುಕಬೇಕು ಅಲ್ವಾ? ದೇವರುಗಳಿಗೂ ಬಡ್ತಿ, ಹಿಂಬಡ್ತಿ ಆಗಿದೆ. ಜೊತೆಗೆ ವೇದದ ಗೊಡವೆಯೇ ಇಲ್ಲದ ಗ್ರಾಮದೇವತೆಗಳು, ಹುತ್ತ, ನಾಗರಕಲ್ಲು. ಮೊಹೆಂಜೊದಾರೊದಲ್ಲಿ ಸಿಕ್ಕ ಮುದ್ರೆಯೊಂದರಲ್ಲಿರುವ ಕೊಂಬಿನ ಆಕೃತಿಯನ್ನು ಶಿವ ಅಂತ ಕೆಲವರು ಹೇಳುತ್ತಾರೆ. ಪಂಡಿತರಲ್ಲೇ ಜಗಳ ಇದೆ, ನೀವು ಊಟದ ಹೊತ್ತಿಗೆ ಅದರಲ್ಲಿ ಸಿಕ್ಕಿಕೊಳ್ಳಬೇಡಿ.

ನಂಬಿಕೆ ಒಂದೇನಾ ಅಂದರೆ ಅದೂ ಅಲ್ಲ. ನಮ್ಮ ಶೃಂಗೇರಿ, ಉಡುಪಿಗಳನ್ನೇ ನೋಡಿ. ಜೀವ, ಬ್ರಹ್ಮ ಒಂದೇ ಅಂತ ಒಂದು ಕಡೆ, ಎಂದಿಗೂ ಬೇರೆ ಬೇರೆ ಅಂತ ಇನ್ನೊಂದು ಕಡೆ. ಎರಡೂ ಹಿಂದೂವೇ. ಕಾನೂನಿಗೂ ಇದು ತಲೆನೋವು. 1955ರ ಹಿಂದೂ ವಿವಾಹ ಕಾಯ್ದೆ ಬೌದ್ಧರು, ಜೈನರು, ಸಿಖ್ಖರನ್ನೂ ಸೇರಿಸಿಕೊಂಡು, ಮುಸ್ಲಿಂ, ಕ್ರೈಸ್ತ, ಪಾರ್ಸಿ, ಯಹೂದಿ ಅಲ್ಲದವರಿಗೂ ಅನ್ವಯಿಸುತ್ತದೆ ಅನ್ನುತ್ತದೆ. ಏನು ಅಂತ ಹೇಳುವುದಕ್ಕಿಂತ ಏನಲ್ಲ ಅಂತ ಹೇಳುವುದು ಸುಲಭ!

ಜಾತಿಯ ಬಗ್ಗೆ ಕೇಳಿಯೇ ಕೇಳುತ್ತಾರೆ. ‘ಅದೆಲ್ಲ ಈಗಿಲ್ಲ’ ಅಂತ ಮಾತ್ರ ಹೇಳಬೇಡಿ. ಅದು ಸುಳ್ಳು. ನಾಲ್ಕು ವರ್ಣದ ಮಾತು ಋಗ್ವೇದದ ಪುರುಷಸೂಕ್ತದಲ್ಲೇ ಇದೆ. ಅದನ್ನು ಬೈದ ಶರಣರೂ ನಮ್ಮ ನೆಲದವರೇ. ಇಲ್ಲಿ ಅಮೆರಿಕದಲ್ಲೇ ಸಿಯಾಟಲ್ ನಗರ 2023ರಲ್ಲಿ ಜಾತಿ ತಾರತಮ್ಯ ನಿಷೇಧಿಸಿತು. ಜಾತಿ ನಮ್ಮ ಜೊತೆ ವಿಮಾನ ಹತ್ತಿ ಬಂದಿದೆ.

ಎಷ್ಟು ದೇವರು ಅಂದರೆ ನನ್ನ ಹತ್ತಿರ ಒಂದು ಕಥೆ ಇದೆ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಶಾಕಲ್ಯ ಇದನ್ನೇ ಯಾಜ್ಞವಲ್ಕ್ಯನಿಗೆ ಕೇಳುತ್ತಾನೆ. ಯಾಜ್ಞವಲ್ಕ್ಯ ಮೊದಲು 3306 ಅನ್ನುತ್ತಾನೆ. ಸರಿ, ನಿಜವಾಗಿ ಎಷ್ಟು? 33. ನಿಜವಾಗಿ? ಆರು. ಆಮೇಲೆ ಮೂರು, ಎರಡು, ಒಂದೂವರೆ, ಕೊನೆಗೆ ಒಂದು. ಇದನ್ನು ಹೇಳಿದಾಗಲೆಲ್ಲ ಊಟದ ಮೇಜಿನಲ್ಲಿ ‘ಒಂದೂವರೆ ದೇವರಾ?’ ಅಂತ ನಗುತ್ತಾರೆ. ಬೀಸುವ ಗಾಳಿ ಅಂತ ಹೇಳಿ. ಯಾಜ್ಞವಲ್ಕ್ಯ ಕೊಟ್ಟ ಉತ್ತರವೂ ಅದೇ.