ಟ್ರಕಿಯಾಸ್ಟಮಿ ಟ್ಯೂಬನ್ನು ಮನೆಯಲ್ಲೇ ಬದಲಿಸಬಹುದೇ?

ಉಸಿರಾಟಕ್ಕೆಂದು ಕುತ್ತಿಗೆಯ ರಂಧ್ರದ ಮೂಲಕ ಶ್ವಾಸನಾಳಕ್ಕೆ ಇಳಿಸಿರುವ ನಿಮ್ಮ ತಾಯಿಯವರ ಟ್ಯೂಬನ್ನು ಮನೆಯಲ್ಲಿ ಬದಲಿಸುವುದೋ ಆಸ್ಪತ್ರೆಯಲ್ಲೋ ಎಂದು ಕೇಳಿದ್ದೀರಿ. ಮೂರು ವರ್ಷಗಳ ಹಿಂದೆ ಇದೇ ಪ್ರಶ್ನೆ ನನ್ನ ಮುಂದಿತ್ತು. ಆಂಬುಲೆನ್ಸಿನ ಓಡಾಟದಲ್ಲಿ ಅಪ್ಪ ಪಡುತ್ತಿದ್ದ ಆಯಾಸವನ್ನು ನೋಡಲಾಗದೆ ಮನೆಯೇ ಸರಿ ಎಂದುಕೊಂಡೆ.

ಪಾರ್ಶ್ವವಾಯುವಾದ ಅಪ್ಪನಿಗೆ 8ರ ಸೈಜಿನ ಟ್ಯೂಬ್ ಇತ್ತು. ಆಸ್ಪತ್ರೆಯಲ್ಲಿ ಎರಡು ಸಲ ಸಲೀಸಾಗಿ ಬದಲಾಗಿತ್ತು. ಮೂರನೆಯ ಸಲ ಮನೆಯಲ್ಲಿ, ನರ್ಸ್ ಹಳೆಯ ಟ್ಯೂಬನ್ನು ತೆಗೆದ ಕೂಡಲೇ ಅಪ್ಪ ಜೋರಾಗಿ ಕೆಮ್ಮಿದರು. ರಂಧ್ರದ ಅಂಚಿನಲ್ಲಿ ಬೆಳೆದಿದ್ದ ಕೆಂಪು ಮಾಂಸದಿಂದ ರಕ್ತ ಒಸರಿತು. ಹೊಸ ಟ್ಯೂಬ್ ಒಳಗೆ ಹೋಗಲಿಲ್ಲ.

ತಪ್ಪು ನನ್ನದು. ಅದೇ ಸೈಜಿನದೊಂದು, ಅದಕ್ಕಿಂತ ಚಿಕ್ಕದೊಂದು ತಂದಿಟ್ಟುಕೊಳ್ಳಿ ಎಂದು ವೈದ್ಯರು ಚೀಟಿಯಲ್ಲಿ ಬರೆದಿದ್ದರು. ಅಂಗಡಿಯಲ್ಲಿ ಚಿಕ್ಕದು ಇರಲಿಲ್ಲ, ಹಾಕುವುದು 8 ತಾನೇ ಎಂದು ನಾನು ಸುಮ್ಮನಾದೆ. ಚಿಕ್ಕದು ಬೇಕಾಗುವುದು ಹಾಕಿಕೊಳ್ಳುವುದಕ್ಕಲ್ಲ, ದಾರಿ ಉಳಿಸಿಕೊಳ್ಳುವುದಕ್ಕೆ. ಟ್ಯೂಬ್ ಹೊರಬಂದ ಕ್ಷಣದಿಂದಲೇ ರಂಧ್ರ ಕುಗ್ಗತೊಡಗುತ್ತದೆ. ಆಗ ದೊಡ್ಡದು ಹೋಗದಿದ್ದರೂ ಚಿಕ್ಕದು ಹೋಗುವ ಸಾಧ್ಯತೆ ಇರುತ್ತದೆ. ಅದಿಲ್ಲದ ಕಾರಣ ನರ್ಸ್ 8ನ್ನೇ ಒತ್ತಿದರು. ಅದು ಜಾರಿ ಒಳಗೆ ಹೋಯಿತು, ಆದರೆ ಶ್ವಾಸನಾಳಕ್ಕಲ್ಲ, ಅದರ ಮುಂದಿನ ಮಾಂಸದೊಳಕ್ಕೆ. ಹೊರಗಿನಿಂದ ನೋಡಿದರೆ ಎಲ್ಲವೂ ಸರಿಯಾಗಿಯೇ ಇತ್ತು. ಆದರೆ ಟ್ಯೂಬಿನ ಬಾಯಿಗೆ ಅಂಗೈ ಹಿಡಿದರೆ ಉಸಿರು ತಾಗಲಿಲ್ಲ, ಕಫ ಎಳೆಯುವ ಸಕ್ಷನ್ ನಳಿಕೆ ಒಳಗಿಳಿಯದೆ ತಡೆಯಿತು, ಆಕ್ಸಿಮೀಟರಿನಲ್ಲಿ ರಕ್ತದ ಆಕ್ಸಿಜನ್ ಮಟ್ಟ 94ರಿಂದ 78ಕ್ಕೆ ಇಳಿಯಿತು. ಕುತ್ತಿಗೆಯ ಚರ್ಮವನ್ನು ಮುಟ್ಟಿದರೆ ಹಪ್ಪಳ ಮುರಿದಂತೆ ಬೆರಳಿಗೆ ಚರಚರ ಎನ್ನುತ್ತಿತ್ತು, ಗಾಳಿ ಚರ್ಮದಡಿ ಸೇರಿತ್ತು.

ಪುಣ್ಯಕ್ಕೆ ನರ್ಸ್ ಇನ್ನಷ್ಟು ಒತ್ತಲಿಲ್ಲ. ಟ್ಯೂಬನ್ನು ತೆಗೆದು, ರಂಧ್ರವನ್ನು ಗಾಜ್ ಬಟ್ಟೆಯಿಂದ ಮುಚ್ಚಿ, ಬಾಯಿ ಮೂಗಿನ ಮೇಲೆ ಮಾಸ್ಕ್ ಇಟ್ಟು, ಕೈಯಿಂದ ಒತ್ತಿ ಗಾಳಿ ಕೊಡುವ ಚೀಲವಾದ ಆಂಬು ಬ್ಯಾಗಿನಿಂದ ಉಸಿರು ಕೊಡುತ್ತಲೇ ಆಸ್ಪತ್ರೆಗೆ ಕರೆತಂದರು. ಅಪ್ಪನ ಗಂಟಲಿನ ದಾರಿ ತೆರೆದಿದ್ದರಿಂದ ಇದು ಸಾಧ್ಯವಾಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆದವರಿಗೆ ಕುತ್ತಿಗೆಯ ರಂಧ್ರವೊಂದೇ ದಾರಿ. ನಿಮ್ಮ ತಾಯಿಯವರದು ಯಾವ ಬಗೆ ಎಂದು ವೈದ್ಯರನ್ನು ಮೊದಲೇ ಕೇಳಿಕೊಳ್ಳಿ.

ಆದ್ದರಿಂದ ಮನೆಯೋ ಆಸ್ಪತ್ರೆಯೋ ಎಂಬ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಹೊಸ ಟ್ಯೂಬ್ ಹೋಗದಿದ್ದರೆ ಮುಂದೇನು ಎಂಬುದಕ್ಕೆ ಬದಲಿಸುವವರ ಬಳಿ ಉತ್ತರವಿರಬೇಕು. ಶಸ್ತ್ರಚಿಕಿತ್ಸೆಯ ನಂತರದ ಮೊದಲ ಬದಲಾವಣೆಯಂತೂ ಆಸ್ಪತ್ರೆಯಲ್ಲೇ ಆಗಬೇಕು, ದಾರಿ ಆಗಿನ್ನೂ ಗಟ್ಟಿಯಾಗಿರುವುದಿಲ್ಲ. ಬದಲಿಸುವಾಗ ತಿಳಿದವರು ಇಬ್ಬರಿರಲಿ, ಆಕ್ಸಿಜನ್, ಸಕ್ಷನ್ ಕೈಗೆಟುಕುವಂತಿರಲಿ. ನಾಲ್ಕು ಹನಿ ರಕ್ತಕ್ಕೆ ಹೆದರಬೇಡಿ. ಆದರೆ ಕೆಂಪು ರಕ್ತ ಚಿಮ್ಮಿದರೆ, ಅದು ತಾನಾಗಿ ನಿಂತರೂ, ತಕ್ಷಣ ಆಸ್ಪತ್ರೆಗೆ ಹೊರಡಿ.

ನಿಮ್ಮ ತಾಯಿಯವರ ಟ್ಯೂಬಿನ ರೆಕ್ಕೆಯ, ಅಂದರೆ ಕುತ್ತಿಗೆಗೆ ಒರಗಿರುವ ಚಪ್ಪಟೆ ಭಾಗದ ಮೇಲೆ ಸೈಜು ಬರೆದಿರುತ್ತದೆ. ಅದನ್ನು ಇಂದೇ ನೋಡಿ. ಅದಕ್ಕಿಂತ ಚಿಕ್ಕದೊಂದು ತಲೆದಿಂಬಿನ ಪಕ್ಕಕ್ಕೆ ಬರುವವರೆಗೂ ಟ್ಯೂಬ್ ಬದಲಿಸಲೆಂದು, ಅದನ್ನು ಹಿಡಿದಿರುವ ಕುತ್ತಿಗೆಯ ಪಟ್ಟಿಯನ್ನು ಯಾರಿಗೂ ಬಿಚ್ಚಲು ಬಿಡಬೇಡಿ.