ಗ್ರೇಟ್ ಡೇನ್ ನಾಯಿಮರಿ ತರಬಹುದೇ?

ಪ್ರಶ್ನೆ: ಮನೆಯಲ್ಲಿ 4 ವರ್ಷದ ಮಗಳು, ವಯಸ್ಸಾದ ಅತ್ತೆ ಇದ್ದಾರೆ. ಗ್ರೇಟ್ ಡೇನ್ ಸಾಕಬಹುದೇ? ಮರಿಗೆ ಕ್ಯಾಲ್ಸಿಯಂ ಟಾನಿಕ್ ಬೇಕೇ ಬೇಕು ಅಂತಾರೆ, ನಿಜವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಸ್ವಭಾವಕ್ಕೆ ಹೆದರಬೇಡಿ. ಜರ್ಮನಿಯಲ್ಲಿ ಕಾಡುಹಂದಿ ಬೇಟೆಗೆ ಬೆಳೆಸಿದ ತಳಿಯಾದರೂ ಈಗಿನವು ಸೋಫಾಪ್ರಿಯರು. ತೊಂದರೆ ಇರುವುದು ಗಾತ್ರದಲ್ಲಿ. ಗಂಡು ನಾಯಿ 60-70 ಕೆಜಿ ತೂಗುವುದು ಮಾಮೂಲಿ. ನಮ್ಮ ರಾಣಿ ಖುಷಿಯಲ್ಲಿ ಬಾಲ ಬೀಸಿದರೆ ಟೀಪಾಯಿ ಮೇಲಿನ ಕಾಫಿ ಲೋಟಗಳೆಲ್ಲ ನೆಲಕ್ಕೆ! ಅದೇ ಬಾಲ ನಿಮ್ಮ ಮಗಳ ಮುಖದ ಎತ್ತರಕ್ಕೆ ಬರುತ್ತದೆ. ಅತ್ತೆಯವರನ್ನು ನಾಯಿ ಸುಮ್ನೆ ಒರಗಿಕೊಂಡೇ ಬೀಳಿಸಬಹುದು.

ಕ್ಯಾಲ್ಸಿಯಂ ಬೇಡವೇ ಬೇಡ. ದೊಡ್ಡ ತಳಿಯ ಮರಿಗಳ ಆಹಾರದಲ್ಲಿ ಬೇಕಾದಷ್ಟು ಇರುತ್ತದೆ, ಜಾಸ್ತಿಯಾದರೆ ಮೂಳೆ ಸೊಟ್ಟಗಾಗುತ್ತದೆ.

ನನಗೆ ನಿಜಕ್ಕೂ ಭಯ ಹುಟ್ಟಿಸುವುದು ಹೊಟ್ಟೆ ತಿರುಚುವ ಕಾಯಿಲೆ. ಹೊಟ್ಟೆ ಉಬ್ಬುತ್ತದೆ, ಓಕರಿಸಿದರೂ ಏನೂ ಬರುವುದಿಲ್ಲ, ನಿಂತಲ್ಲಿ ನಿಲ್ಲುವುದಿಲ್ಲ. ಆಗ ಬೆಳಗಾಗಲಿ ಅಂತ ಕಾಯಬೇಡಿ, ಕೆಲವೇ ಗಂಟೆಯಲ್ಲಿ ಜೀವ ಹೋಗುತ್ತದೆ. ಊಟವನ್ನು ಎರಡು-ಮೂರು ಸಲ ಹಂಚಿ ಹಾಕಿ, ತಿಂದ ಕೂಡಲೇ ಓಡಿಸಬೇಡಿ. ರಾತ್ರಿಯೂ ಆಪರೇಷನ್ ಮಾಡುವ ವೈದ್ಯರು ಹತ್ತಿರದಲ್ಲಿ ಇದ್ದಾರಾ, ಮೊದಲು ವಿಚಾರಿಸಿ.

ಆಯಸ್ಸು ಸಾಮಾನ್ಯವಾಗಿ 8-10 ವರ್ಷ. ಇದನ್ನು ಮಗಳಿಗೆ ಹೇಗೆ ಹೇಳುತ್ತೀರಿ ಅನ್ನೋದು ನಿಮಗೆ ಬಿಟ್ಟದ್ದು.