ಮಾಣಿ ವಿಮಾನ ಹಾರಿಸ್ತ, ಡಬ್ಬಿಗೆ ಎಂತ ಹಾಕ್ಲಿ?

ಪ್ರಶ್ನೆ: ಮಗ ಪೈಲಟ್ ಆಗಿ ಎರಡು ವರ್ಷ ಆತು. ಬೆಂಗಳೂರಲ್ಲಿ ರೂಮ್ ಮಾಡಿದ್ದಾನೆ, ಡ್ಯೂಟಿ ಅಂತ ಹೊರಟ್ರೆ ನಾಲ್ಕೈದು ದಿನ ತಿರುಗಾಟ, ಒಂದ್ಸಲ ದಿಲ್ಲಿ ಒಂದ್ಸಲ ದುಬೈ. ಮೊನ್ನೆ ಮನೆಗೆ ಬಂದಾಗ ನೋಡಿದ್ರೆ ಸೊರಗಿದ್ದಾನೆ, ಹೊಟ್ಟೆ ಉರಿ ಅಂತಾನೆ. ಹೋಗುವಾಗ ತೆಳ್ಳೇವು, ಕಾಯಿ ಚಟ್ನಿ, ಹಲಸಿನಕಾಯಿ ಪಲ್ಯ, ಒಂದು ಬಾಟ್ಲಿ ಅಪ್ಪೆಹುಳಿ ಎಲ್ಲ ಕಟ್ಟಿ ಕಳಿಸಿದೆ. ಮಾರನೇ ದಿನ ಫೋನ್ ಮಾಡಿ "ಆಯಿ, ಚಟ್ನಿ ಹಳಸಿತ್ತು, ಅಪ್ಪೆಹುಳಿ ಚೆಲ್ಲಿ ಯೂನಿಫಾರ್ಮ್ ಹಾಳಾತು, ಇನ್ನು ಎಂತದೂ ಕೊಡಡ" ಅಂದ. ತುಂಬ ಬೇಜಾರಾತು. ಎಂತ ಕಟ್ಟಿದ್ರೆ ಒಳ್ಳೇದು?
- ಒಬ್ಬ ಆಯಿ, ಸಿರ್ಸಿ ಹತ್ರದ ಹಳ್ಳಿ

ಉತ್ತರ: ಅಕ್ಕಾ, ಈ ತಪ್ಪು ನಮ್ಮನೆಯಲ್ಲೂ ಆಗಿದೆ. ನಮ್ಮನೆಯವರೂ ಪೈಲಟ್ ಆಗಿದ್ದವರು. ಮದುವೆಯಾದ ಹೊಸದ್ರಲ್ಲಿ ಕುಮಟಾದಿಂದ ಹೊರಟಾಗ ನಮ್ಮತ್ತೆ ಸ್ಟೀಲ್ ಡಬ್ಬಿ ತುಂಬ ಕೊಟ್ಟೆ ಕಡುಬು, ಸಾಂಬಾರು ಕಟ್ಟಿದ್ರು, ಅದು ಮೂರು ಏರ್‌ಪೋರ್ಟ್ ಸುತ್ತಿ ಮುಟ್ಟದೇ ವಾಪಸ್ ಬಂತು, ಮುಚ್ಚಳ ತೆಗೆದದ್ದೇ ತಡ ಇಡೀ ಮನೆ ವಾಸನೆ. ಆವಾಗ ಇವರು ಹೇಳಿದ್ದು ಇಷ್ಟೇ, "ವಿಮಾನದಲ್ಲಿ ಊಟ ಸಿಗ್ತದೆ ಮಾರಾಯ್ತಿ, ನಂಗೆ ಹಸಿವಾಗೋದು ರಾತ್ರಿ ಎರಡು ಗಂಟೆಗೆ ಹೋಟೆಲ್ ರೂಮಲ್ಲಿ." ಅಲ್ಲಿಂದ ಮೇಲೆ ನಾನು ಕಾಕ್‌ಪಿಟ್‌ಗೆ ಅಂತ ಡಬ್ಬಿ ಕಟ್ಟಿದ್ದೇ ಇಲ್ಲ, ರೂಮಿಗೆ ಅಂತ ಕಟ್ಟಿದ್ದು. ನೀವೂ ಹಂಗೇ ಮಾಡಿ.

ರೂಮಲ್ಲಿ ಇರೋದು ಒಂದು ಕೆಟಲ್, ಎರಡು ಕಪ್ಪು. ಅಷ್ಟರಲ್ಲೇ ಆಗ್ಬೇಕು. ಸಣ್ಣ ರವೆ ಘಮ್ ಅನ್ನೋವರೆಗೆ ಹುರಿದು, ಸಾಸಿವೆ ಉದ್ದಿನಬೇಳೆ ಕರಿಬೇವು ಗರಿಗರಿ ಒಗ್ಗರಣೆ ಕೊಟ್ಟು, ಉಪ್ಪು ಸೇರಿಸಿ, ಪೂರ್ತಿ ಆರಿದ ಮೇಲೆ ಒಂದೊಂದು ಹೊತ್ತಿಗೆ ಒಂದೊಂದು ಪೊಟ್ಟಣ ಮಾಡಿ. ಅವನು ಸ್ಟೀಲ್ ಡಬ್ಬಿಗೆ ಹಾಕಿ ಕುದಿನೀರು ಹೊಯ್ದು ಹತ್ತು ನಿಮಿಷ ಮುಚ್ಚಿಟ್ರೆ ಉಪ್ಪಿಟ್ಟು. ತೆಳು ಅವಲಕ್ಕಿಗೆ ಶೇಂಗಾ ಹಾಕಿ ಹುರಿದು ಕೊಟ್ರೆ ನೀರೂ ಬೇಡ. ಅಪ್ಪೆಹುಳಿ ಬದ್ಲು ಒಣ ಮುರುಗಲು ಸಿಪ್ಪೆ ಕೊಡಿ ಅಕ್ಕಾ, ನಾಲ್ಕೈದು ಸಿಪ್ಪೆ, ಚೂರು ಬೆಲ್ಲ, ಉಪ್ಪು, ಜೀರಿಗೆ ಪುಡಿ ಕಪ್ಪಲ್ಲಿ ಹಾಕಿ ಬಿಸಿನೀರು ಹೊಯ್ದು ಕುಡಿದ್ರೆ ರಾತ್ರಿ ಫ್ಲೈಟ್ ಮುಗಿಸಿ ಬಂದವರಿಗೆ ಎಂಥಾ ಸುಖ ಅಂತೀರಿ, ಮೇಲಾಗಿ ಸಿಪ್ಪೆ ಭಾರ ಇಲ್ಲ, ಚೆಲ್ಲೋದಿಲ್ಲ, ತಿಂಗಳುಗಟ್ಟಲೆ ಇರ್ತದೆ. ತೊಡದೇವು ಕೊಡ್ಬಹುದು, ಆದ್ರೆ ಅಗಲ ಡಬ್ಬಿಯಲ್ಲಿ, ಇಲ್ಲದಿದ್ರೆ ಪುಡಿಪುಡಿ. ಮಿಡಿ ಉಪ್ಪಿನಕಾಯಿ ಬಾಟ್ಲಿ ಬೇಡ, ನಾಲ್ಕೇ ನಾಲ್ಕು ಮಿಡಿ ತೆಗೆದು ರಸ ಬಸಿದು ಪುಟ್ಟ ಡಬ್ಬಿಗೆ ಹಾಕಿ ಸಾಕು.

ಈಗ ನಿಮ್ಮ ಅಪ್ಪೆಹುಳಿ ಯಾಕೆ ಚೆಲ್ತು ಅನ್ನೋದು. ಬಾಟ್ಲಿ ಮುಚ್ಚಳ ಸರಿ ಇರ್ಲಿಲ್ಲ ಅಂತ ನೀವು ಅಂದ್ಕೊಂಡಿರ್ತೀರಿ, ನಾನೂ ಹಂಗೇ ಅಂದ್ಕೊಂಡಿದ್ದೆ. ವಿಮಾನದ ಒಳಗೆ ಗಾಳಿಯ ಒತ್ತಡ ನಮ್ಮ ನೆಲದ ಹಾಗೆ ಇರೋದಿಲ್ಲ, ಹೆಚ್ಚುಕಡಿಮೆ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲೆ ಕೂತ ಹಾಗೆ. 8,000 ಅಡಿ ಅಂದ್ರೆ ಬಾಟ್ಲಿ ಮೇಲ್ಗಡೆ ಉಳಿದ ಗಾಳಿ ಮೂರನೇ ಒಂದು ಪಾಲಿನಷ್ಟು ಉಬ್ತದೆ, ಉಬ್ಬಿ ಸಾರನ್ನ ಹೊರಗೆ ದೂಡ್ತದೆ. ಚಿಪ್ಸ್ ಪ್ಯಾಕೆಟ್ ಬಲೂನಿನ ಹಾಗೆ ಆಗೋದೂ ಇದಕ್ಕೇ. ಇದೇ ಕಥೆ ಹೊಟ್ಟೆಯೊಳಗಿನ ಗಾಳಿಗೂ ಆಗ್ತದೆ ನೋಡಿ, ಹಂಗಾಗಿ ಡ್ಯೂಟಿ ದಿನ ಹಲಸಿನಕಾಯಿ ಪಲ್ಯ, ಕಡಲೆ ಉಸ್ಲಿ ಎಲ್ಲ ಬೇಡ, ಪಾಪ ಸೀಟು ಬಿಟ್ಟು ಏಳೋಕೂ ಆಗದ ಕೆಲ್ಸ.

ಚಟ್ನಿ ಹಳಸಿದ್ದಕ್ಕೆ ಕಾರಣ ನಿಮಗೆ ಗೊತ್ತೇ ಇದೆ, ಹಸಿ ಕಾಯಿ. ಅಡುಗೆ 5 ಡಿಗ್ರಿಗಿಂತ ಮೇಲೆ 60 ಡಿಗ್ರಿಗಿಂತ ಕೆಳಗೆ ಇದ್ದಷ್ಟು ಹೊತ್ತೂ ಬ್ಯಾಕ್ಟೀರಿಯಾಕ್ಕೆ ಹಬ್ಬ, ಎರಡು ತಾಸು ದಾಟಿದ್ರೆ ನಂಬೋ ಹಾಗಿಲ್ಲ, ಸಿರ್ಸಿಯಿಂದ ಬೆಂಗಳೂರಿಗೆ ಬಸ್ಸಲ್ಲೇ ಒಂದು ರಾತ್ರಿ ಹೋಗ್ತದೆ. ಅನ್ನವೂ ಅಷ್ಟೇ, ಬೇಯಿಸಿದ್ರೂ ಸಾಯದ ಒಂದು ಜಾತಿ ಬ್ಯಾಕ್ಟೀರಿಯಾ ಬೀಜ ಅಕ್ಕಿಯಲ್ಲಿ ಇರ್ತದೆ, ಬೆಚ್ಚಗೆ ಬಿಟ್ರೆ ಮೊಳೀತದೆ. ಶೇಂಗಾ ಚಟ್ನಿಪುಡಿ ಮಾಡಿ. ಹಂಗಾದ್ರೆ ಒಣ ಕೊಬ್ಬರಿ ಗಿಟುಕು ಹಾಕ್ಲಾ ಅಂತ ಕೇಳ್ತೀರಿ, ಅದಂತೂ ಬೇಡವೇ ಬೇಡ. ನಂಬ್ತೀರೋ ಇಲ್ವೋ, ವಿಮಾನದವರ ಲೆಕ್ಕದಲ್ಲಿ ಕೊಬ್ಬರಿ ತಾನಾಗೇ ಹೊತ್ಕೊಳ್ಳಬಹುದಾದ ವಸ್ತು, ಅಪಾಯಕಾರಿ ಸಾಮಾನಿನ ಪಟ್ಟಿಯಲ್ಲಿ ಯುಎನ್ 1363 ಅಂತ ನಂಬರೇ ಇದೆ, ಅದರ ಎಣ್ಣೆ ಕಾರಣ. ನಾವು ಅಟ್ಟದ ಮೇಲೆ ಮೂಟೆಗಟ್ಟಲೆ ಇಟ್ಕೊಂಡು ಕೆಳಗೆ ಮಲಗ್ತೇವೆ!

ಇನ್ನೆರಡು ಮಾತು ಗಟ್ಟಿಯಾಗಿ ಹೇಳ್ತೇನೆ. ದುಬೈಗೆ ಹೋಗ್ತಾನೆ ಅಂದ್ರಲ್ಲ, ಉಂಡೆಗೆ, ಮಸಾಲೆಗೆ, ಯಾವುದಕ್ಕೂ ಗಸಗಸೆ ಮುಟ್ಟಬೇಡಿ. ಯುಎಇಯಲ್ಲಿ ಗಸಗಸೆ ನಿಷೇಧ, ಡ್ರಗ್ಸ್ ಲೆಕ್ಕ. ನಮ್ಮ ದೇಶದಲ್ಲೂ 2022ರ ಜನವರಿ 31ರಿಂದ ಪೈಲಟ್‌ಗಳಿಗೆ ಮಾದಕ ವಸ್ತು ಟೆಸ್ಟ್ ಇದೆ, ಯಾವಾಗ ಕರೀತಾರೆ ಗೊತ್ತಿಲ್ಲ, ಗಸಗಸೆ ತಿಂದವರ ಮೂತ್ರದಲ್ಲಿ ಮಾರ್ಫಿನ್ ಕಾಣಿಸ್ಕೊಳ್ಳಬಹುದು. ಇನ್ನೊಂದು ಹಲಸಿನ ಹಣ್ಣು. 2025ರಲ್ಲಿ ಕೇರಳದ ಪಂದಳಂ ಬಸ್ ಡಿಪೋದಲ್ಲಿ ಡ್ರೈವರ್‌ಗಳು ಹಲಸಿನ ಹಣ್ಣು ತಿಂದು ಕುಡಿದವರ ಟೆಸ್ಟಲ್ಲಿ ಸಿಕ್ಕಿಬಿದ್ದಿದ್ರು, ಕುಡಿದಿರ್ಲಿಲ್ಲ ಪಾಪ, ಕಳಿತ ಹಣ್ಣು ಹುಳಿ ಬಂದು ಅದರ ಆಲ್ಕೋಹಾಲ್ ಬಾಯಲ್ಲಿ ಉಳಿದಿತ್ತು. ಬಾಯಿ ತೊಳೆದು ಸ್ವಲ್ಪ ಹೊತ್ತು ಬಿಟ್ಟು ಊದಿದ್ರೆ ಹೋಗ್ತದೆ ಅದು, ಆದ್ರೂ ಹಾರೋಕೆ ಮುಂಚೆ ಊದಬೇಕಾದ ಹುಡುಗನಿಗೆ ಯಾಕೆ ಆ ಎದೆ ಡವಡವ. ರಜೆಗೆ ಬಂದಾಗ ಬುಟ್ಟಿಗಟ್ಟಲೆ ತಿನ್ಲಿ.

ಹೊಟ್ಟೆ ಉರಿಗೆ ಅಂಗಡಿ ಮಾತ್ರೆ ಕೊಟ್ಟು ಕಳಿಸ್ಬೇಡಿ, ಪೈಲಟ್‌ಗಳು ಸಣ್ಣ ಮಾತ್ರೆಗೂ ಅವರ ಕಂಪನಿ ಡಾಕ್ಟ್ರನ್ನ ಕೇಳ್ಬೇಕು. ತೋರಿಸು ಅಂತ ಹೇಳಿ.

ಪ್ರಶ್ನೆ: ನಮ್ಮವರೂ ಪೈಲಟ್, ಒಣ ಸಿಗಡಿ ಚಟ್ನಿ ಇಲ್ಲದೆ ಊಟ ಸೇರೋದಿಲ್ಲ. ಫ್ಲೈಟಲ್ಲಿ ಒಯ್ಯಬಹುದಾ?
- ಓದುಗರು, ಕಾರವಾರ

ಉತ್ತರ: ಬಾಗ್ಲು ಹಾಕಿದ ಕಾಕ್‌ಪಿಟ್, ಕಿಟಕಿ ತೆಗೆಯೋಕಾಗದ ಹೋಟೆಲ್ ರೂಮ್. ಪಕ್ಕದಲ್ಲಿ ಕೂರುವವರು ಕಾರವಾರದವರೇ ಆಗಿದ್ರೆ ಬೇರೆ ಮಾತು! ಆಸ್ಟ್ರೇಲಿಯಾ ಕಡೆ ಹೋಗೋದಿದ್ರೆ ಇನ್ನೂ ಜೋಪಾನ, ಅಲ್ಲಿ ತಿನ್ನೋ ಸಾಮಾನು ಏನಿದ್ರೂ ಬರೆದು ಕೊಡ್ಬೇಕು, ಕ್ರೂ ಅಂತ ಬಿಡೋದಿಲ್ಲ. ಮನೆಯಲ್ಲೇ ಇರ್ಲಿ ಚಟ್ನಿ.

ಪ್ರಶ್ನೆ: ಕ್ಯಾಪ್ಟನ್, ಕೋ-ಪೈಲಟ್ ಇಬ್ರೂ ಒಂದೇ ಊಟ ಮಾಡೋ ಹಾಗಿಲ್ಲ ಅಂತಾರೆ, ನಿಜವಾ?
- ಪಿಯುಸಿ ವಿದ್ಯಾರ್ಥಿ, ಅಂಕೋಲಾ

ಉತ್ತರ: ತುಂಬ ಕಂಪನಿಗಳಲ್ಲಿ ಹೌದು ತಮ್ಮಾ. ಒಂದೇ ಊಟ ಕೆಟ್ಟು ಇಬ್ಬರ ಹೊಟ್ಟೆಯೂ ಒಟ್ಟಿಗೆ ಹಾಳಾದ್ರೆ ಇಳಿಸೋರು ಯಾರು? 1975ರ ಫೆಬ್ರವರಿಯಲ್ಲಿ ಜಪಾನಿನ ಒಂದು ವಿಮಾನ ಅಲಾಸ್ಕಾದ ಆಂಕರೇಜ್‌ನಿಂದ ಕೋಪನ್‌ಹೇಗನ್‌ಗೆ ಹೋಗ್ತಿತ್ತು, 344 ಪ್ರಯಾಣಿಕರು. ಬೆಳಗಿನ ತಿಂಡಿಗೆ ಹ್ಯಾಮ್ ಆಮ್ಲೆಟ್. ಅಡುಗೆಯವನ ಬೆರಳಲ್ಲಿ ಕೀವು ಆದ ಗಾಯ ಇತ್ತು, ಮಾಡಿಟ್ಟ ತಿಂಡಿ ತಾಸುಗಟ್ಟಲೆ ಹೊರಗೇ ಇತ್ತು, ಸ್ಟೆಫೈಲೋಕಾಕಸ್ ಬೆಳೆದು ವಿಷ ಬಿಟ್ಟಿತ್ತು, ಆ ವಿಷ ಮತ್ತೆ ಬಿಸಿ ಮಾಡಿದ್ರೂ ಹೋಗೋದಿಲ್ಲ. 196 ಪ್ರಯಾಣಿಕರು, ಒಬ್ಬ ಗಗನಸಖಿ ವಾಂತಿಭೇದಿಯಿಂದ ಬಿದ್ರು. ಪೈಲಟ್‌ಗಳ ಹೊಟ್ಟೆಗೆ ಅದು ರಾತ್ರಿ ಊಟದ ಹೊತ್ತು, ಆಮ್ಲೆಟ್ ಬಿಟ್ಟು ಬೇರೆ ತಿಂದಿದ್ರು, ಬಚಾವ್.

ಮನೆ ಡಬ್ಬಿಗೂ ಇದೇ ಮಾತು, ಹಾರುವಾಗ ಇಬ್ರೂ ಒಂದೇ ಡಬ್ಬಿಯಿಂದ ತಿನ್ನೋ ಹಾಗಿಲ್ಲ. ನಮ್ಮತ್ತೆಗೆ ಇದನ್ನ ಎಷ್ಟು ಸಲ ಬಿಡಿಸಿ ಹೇಳಿದ್ರೂ ತಲೆಗೆ ಹೋಗ್ಲಿಲ್ಲ. ಪ್ರತಿ ಸಲ ಎಳ್ಳುಂಡೆ ಎರಡು ಡಬ್ಬಿಗೆ ತುಂಬೋರು, ಒಂದು ಮಗನಿಗೆ, ಇನ್ನೊಂದು "ಪಕ್ಕದಲ್ಲಿ ಕೂರೋ ಮಾಣಿಗೆ."